ಇಂಧನ ಮುಗಿದ ಉಪಗ್ರಹಕ್ಕೆ ಎರಡನೇ ಆಯುಷ್ಯ: ಕಕ್ಷೆಯಲ್ಲೇ ದುರಸ್ತಿಗೆ ಹೊರಟ ನವೋದ್ಯಮಗಳು

1982ರ ಏಪ್ರಿಲ್ 10ರಂದು ಅಮೆರಿಕದ ಕೇಪ್ ಕೆನವರಾಲ್‌ನಿಂದ ಮೇಲೇರಿದ ಇನ್ಸಾಟ್-1ಎ ಉಪಗ್ರಹ ಏಳು ವರ್ಷ ದುಡಿಯಬೇಕಿತ್ತು. ದೂರವಾಣಿ, ದೂರದರ್ಶನ, ಹವಾಮಾನ ವೀಕ್ಷಣೆ ಮೂರನ್ನೂ ಅದಕ್ಕೆ ವಹಿಸಲಾಗಿತ್ತು. ಇನ್ಸಾಟ್ ಸರಣಿಯನ್ನು ನಿಯಂತ್ರಿಸಲೆಂದು ಹಾಸನದಲ್ಲಿ ಪ್ರಧಾನ ನಿಯಂತ್ರಣ ಕೇಂದ್ರ ಅದೇ ವರ್ಷ ಆರಂಭವಾಯಿತು. ಆದರೆ ಉಪಗ್ರಹಕ್ಕೆ ಮೊದಲಿನಿಂದಲೂ ಕಂಟಕ. ಸಮತೋಲನಕ್ಕೆಂದು ಇಟ್ಟಿದ್ದ ಸೌರಪಟ ಬಿಚ್ಚಿಕೊಳ್ಳಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಅದು ಭೂಮಿಯತ್ತ ಮುಖ ಮಾಡಿ ನಿಲ್ಲುವ ಸ್ಥಿತಿಯನ್ನೇ ಕಳೆದುಕೊಂಡಿತು. ಮತ್ತೆ ಸರಿದಾರಿಗೆ ತರುವ ಹೊತ್ತಿಗೆ ದಿಕ್ಕು ನಿಯಂತ್ರಿಸುವ ಇಂಧನ ಪೂರ್ತಿ ಬರಿದಾಗಿತ್ತು. ಐದು ತಿಂಗಳೂ ತುಂಬದ ಉಪಗ್ರಹವನ್ನು ಕೈಬಿಡಬೇಕಾಯಿತು.

ಅದು ಸಿಡಿದಿರಲಿಲ್ಲ, ಸುಟ್ಟಿರಲಿಲ್ಲ. ಟ್ಯಾಂಕು ಖಾಲಿಯಾಗಿತ್ತು, ಅಷ್ಟೆ. ರಸ್ತೆಯಲ್ಲಿ ಪೆಟ್ರೋಲ್ ಮುಗಿದ ಕಾರನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಬಾಹ್ಯಾಕಾಶದಲ್ಲಿ ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದೇ ನಿಯಮ ನಡೆದುಕೊಂಡು ಬಂದಿದೆ. ಈ ನಿಯಮವನ್ನು ಮುರಿಯಲು ಹೊರಟಿರುವ ರೋಬಾಟ್ ನೌಕೆಗಳ ಉದ್ಯಮಕ್ಕೆ 'ಕಕ್ಷೆಯಲ್ಲಿನ ಸೇವೆ' ಎಂಬ ಹೆಸರು ಬಿದ್ದಿದೆ. ಆಯುಷ್ಯ ಮುಗಿಯುತ್ತ ಬಂದ ಉಪಗ್ರಹವನ್ನು ಹಿಡಿದು ನೂಕುವುದು, ಇಂಧನ ತುಂಬುವುದು, ಬಿಡಿಭಾಗ ಬದಲಿಸುವುದು, ಸತ್ತದ್ದನ್ನು ಎಳೆದುಹಾಕುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಇವುಗಳಲ್ಲಿ ಹಿಡಿದು ನೂಕುವ ಕೆಲಸ ಈಗಾಗಲೇ ಹಣ ತರುವ ವ್ಯಾಪಾರವಾಗಿದೆ. ಉಳಿದವು ಇನ್ನೂ ಪ್ರಯೋಗದ ಹಂತವನ್ನು ದಾಟಿಲ್ಲ. ಅದಕ್ಕೆ ಕಾರಣ ರೋಬಾಟ್‌ನ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಉಪಗ್ರಹದ ಮೈಯಲ್ಲಿದೆ.

ಇಂಧನವೇ ಆಯುಷ್ಯ

ಭೂಮಿಯಿಂದ 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿರುವ ಸಂಪರ್ಕ ಉಪಗ್ರಹ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ತೋರುತ್ತದೆ. ವಾಸ್ತವದಲ್ಲಿ ಸೂರ್ಯ ಮತ್ತು ಚಂದ್ರರ ಗುರುತ್ವ ಅದನ್ನು ನಿರಂತರವಾಗಿ ಉತ್ತರ ದಕ್ಷಿಣವಾಗಿ ಎಳೆಯುತ್ತಿರುತ್ತದೆ. ಭೂಮಿ ಪೂರ್ಣ ಗೋಲವಲ್ಲದ ಕಾರಣ ಪೂರ್ವ ಪಶ್ಚಿಮವಾಗಿಯೂ ಅದು ಜಾರುತ್ತದೆ. ಈ ಜಾರುವಿಕೆಯನ್ನು ತಿದ್ದಲು ಆಗಾಗ ಪುಟ್ಟ ಎಂಜಿನ್‌ಗಳನ್ನು ಉರಿಸಬೇಕು. ಸುಮಾರು 15 ವರ್ಷಕ್ಕೆ ಸಾಲುವಷ್ಟು ಇಂಧನ ಹೊತ್ತು ಹೋದ ಉಪಗ್ರಹ ಅದು ಮುಗಿಯುತ್ತ ಬಂದಾಗ ಕೊನೆಯ ಹನಿಗಳನ್ನು ಉಳಿಸಿಕೊಂಡು ಸುಮಾರು 300 ಕಿ.ಮೀ. ಮೇಲಿರುವ 'ಸ್ಮಶಾನ ಕಕ್ಷೆ'ಗೆ ಏರಬೇಕು. ಸೌರಫಲಕ, ಆ್ಯಂಟೆನಾ, ಟ್ರಾನ್ಸ್‌ಪಾಂಡರ್‌ಗಳು ಸುಸ್ಥಿತಿಯಲ್ಲಿದ್ದರೂ ಸರಿ, ನಿವೃತ್ತಿ ಖಚಿತ.

ನಿರ್ಮಾಣ, ಉಡಾವಣೆ, ವಿಮೆ ಸೇರಿ ಹತ್ತಾರು ಕೋಟಿ ಡಾಲರ್ ನುಂಗುವ ಆಸ್ತಿ ಇದು. ಇನ್ನೂ ಐದು ವರ್ಷ ಅದನ್ನು ದುಡಿಸಬಹುದಾದರೆ ಅದರ ಒಡೆಯ ಒಂದಷ್ಟು ಹಣ ತೆರಲು ಹಿಂಜರಿಯಲಾರ. ಈ ಸರಳ ಲೆಕ್ಕವೇ ಉದ್ಯಮದ ಬಂಡವಾಳ.

ಗಗನಯಾತ್ರಿಗಳ ಕಾಲದ ಪಾಠ

ಕಕ್ಷೆಯಲ್ಲಿ ರಿಪೇರಿ ಹೊಸ ಸಂಗತಿಯಲ್ಲ. 1984ರ ಏಪ್ರಿಲ್‌ನಲ್ಲಿ ಚಾಲೆಂಜರ್ ಷಟಲ್‌ನ ಗಗನಯಾತ್ರಿಗಳು ಸೂರ್ಯನನ್ನು ಅಧ್ಯಯನ ಮಾಡುವ 'ಸೋಲಾರ್ ಮ್ಯಾಕ್ಸ್' ಉಪಗ್ರಹವನ್ನು ಹಿಡಿದು ದುರಸ್ತಿ ಮಾಡಿದರು. ಆ ಸಾಹಸದ ಮೊದಲ ದಿನದ ಕಥೆ ಇಂದಿನ ನವೋದ್ಯಮಗಳು ಗೋಡೆಗೆ ತೂಗುಹಾಕಿಕೊಳ್ಳಬೇಕಾದಂಥದು. ಕಳಚಿ ಬದಲಿಸಲು ಅನುಕೂಲವಾಗುವಂತೆಯೇ ಆ ಉಪಗ್ರಹವನ್ನು ಕಟ್ಟಲಾಗಿತ್ತು. ಹಿಡಿಯಲು ಗೂಟವೂ ಇತ್ತು. ಜಾರ್ಜ್ ನೆಲ್ಸನ್ ಬೆನ್ನಿಗೆ ಜೆಟ್ ಚೀಲ ಕಟ್ಟಿಕೊಂಡು ಹತ್ತಿರ ಹೋಗಿ ತಮ್ಮ ಸಾಧನವನ್ನು ಗೂಟಕ್ಕೆ ಒತ್ತಿದರೂ ಅದು ಕಚ್ಚಿಕೊಳ್ಳಲಿಲ್ಲ. ಮತ್ತೆ ಮತ್ತೆ ಒತ್ತಿದರೂ ಫಲವಿಲ್ಲ. ಉಷ್ಣರಕ್ಷಕ ಹೊದಿಕೆಯನ್ನು ಹಿಡಿದಿಡಲು ಪಕ್ಕದಲ್ಲಿ ಹಾಕಿದ್ದ, ನಕ್ಷೆಯಲ್ಲಿ ನಮೂದಾಗದ ಪುಟ್ಟ ಮೊಳೆಯಂಥ ವಸ್ತುವೊಂದು ಅಡ್ಡ ಬಂದಿತ್ತು. ಸೌರಫಲಕವನ್ನೇ ಕೈಯಲ್ಲಿ ಹಿಡಿಯಲು ಹೋದಾಗ ಉಪಗ್ರಹ ಇನ್ನಷ್ಟು ತೊನೆದಾಡತೊಡಗಿತು. ರಾತ್ರಿಯಿಡೀ ಭೂಮಿಯಲ್ಲಿದ್ದ ಎಂಜಿನಿಯರುಗಳು ಉಪಗ್ರಹದೊಳಗಿನ ವಿದ್ಯುತ್ಕಾಂತ ದಂಡಗಳನ್ನು ಭೂಮಿಯ ಕಾಂತಕ್ಷೇತ್ರಕ್ಕೆ ಎದುರಾಗಿಸಿ ಅದರ ತಿರುಗಾಟವನ್ನು ತಗ್ಗಿಸಿದರು. ಅನಂತರವೇ ಷಟಲ್‌ನ ಯಾಂತ್ರಿಕ ತೋಳು ಅದನ್ನು ಹಿಡಿಯಿತು. ದುರಸ್ತಿಯಾದ ಉಪಗ್ರಹ 1989ರವರೆಗೆ ಕೆಲಸ ಮಾಡಿತು.

ಹಬಲ್ ದೂರದರ್ಶಕಕ್ಕೆ 1993ರಿಂದ 2009ರವರೆಗೆ ಐದು ಬಾರಿ ಗಗನಯಾತ್ರಿಗಳು ಹೋಗಿ ಬಂದದ್ದು ಎಲ್ಲರಿಗೂ ಗೊತ್ತು. ಷಟಲ್‌ಗಳು 2011ರಲ್ಲಿ ನಿವೃತ್ತಿಯಾದವು. ಅವು ಹಾರುತ್ತಿದ್ದ ಕಾಲದಲ್ಲೂ ಭೂಸ್ಥಿರ ಕಕ್ಷೆ ಅವುಗಳ ಅಳವಿಗೆ ಮೀರಿತ್ತು. ಅಲ್ಲಿಗೆ ಹೋಗಬೇಕಾದರೆ ಯಂತ್ರವೇ ಹೋಗಬೇಕು.

ಮೊದಲ ಗಿರಾಕಿ ಇಂಟೆಲ್‌ಸ್ಯಾಟ್

ಕಕ್ಷೆಯಲ್ಲಿನ ಸೇವೆಯ ಮೊದಲ ವಾಣಿಜ್ಯ ಯಶಸ್ಸು ನವೋದ್ಯಮವೊಂದರ ಪಾಲಾಗಲಿಲ್ಲ. ಅದು ದಕ್ಕಿದ್ದು ರಕ್ಷಣಾ ದೈತ್ಯ ನಾರ್ಥ್‌ರಾಪ್ ಗ್ರಮನ್‌ನ ಅಂಗಸಂಸ್ಥೆಯಾದ ಸ್ಪೇಸ್‌ಲಾಜಿಸ್ಟಿಕ್ಸ್‌ಗೆ. ಅದಕ್ಕೆ ಮುಂಚೆ ಕೆನಡಾದ ಎಂಡಿಎ ಕಂಪನಿ ಇಂಟೆಲ್‌ಸ್ಯಾಟ್‌ನ ಉಪಗ್ರಹಗಳಿಗೆ ಇಂಧನ ತುಂಬುವ ಒಪ್ಪಂದವನ್ನು 2011ರಲ್ಲಿ ಪ್ರಕಟಿಸಿ 2012ರ ಆರಂಭದಲ್ಲೇ ಕೈಬಿಟ್ಟಿತ್ತು. ಸ್ಪೇಸ್‌ಲಾಜಿಸ್ಟಿಕ್ಸ್ ಇಂಧನ ತುಂಬುವ ಗೊಡವೆಗೇ ಹೋಗಲಿಲ್ಲ. ತನ್ನದೇ ಎಂಜಿನ್ ಮತ್ತು ಇಂಧನ ಹೊತ್ತ ನೌಕೆಯನ್ನು ಮುದಿ ಉಪಗ್ರಹದ ಬೆನ್ನಿಗೆ ಅಂಟಿಸಿ ಅದನ್ನು ಹೊತ್ತು ನಡೆಯುವ ದಾರಿ ಹಿಡಿಯಿತು.

ಎಂಇವಿ-1 ಎಂಬ ಈ ನೌಕೆ 2019ರ ಅಕ್ಟೋಬರ್‌ನಲ್ಲಿ ಬೈಕನೂರಿನಿಂದ ಹೊರಟಿತು. ಗಿರಾಕಿಯಾದ ಇಂಟೆಲ್‌ಸ್ಯಾಟ್-901 ಉಡಾವಣೆಯಾದದ್ದು 2001ರಲ್ಲಿ. ಪ್ರಯೋಗ ವಿಫಲವಾಗಿ ಡಿಕ್ಕಿ ಸಂಭವಿಸಿದರೆ ಅಕ್ಕಪಕ್ಕದ ಉಪಗ್ರಹಗಳಿಗೆ ಅಪಾಯವಾಗಬಾರದೆಂದು ಅದನ್ನು ಮೊದಲೇ ಸೇವೆಯಿಂದ ಬಿಡಿಸಿ ಸ್ಮಶಾನ ಕಕ್ಷೆಗೆ ಏರಿಸಲಾಗಿತ್ತು. 2020ರ ಫೆಬ್ರುವರಿ 25ರಂದು ಎರಡೂ ಕೂಡಿದವು. ಏಪ್ರಿಲ್‌ನಲ್ಲಿ ಉಪಗ್ರಹ ಮರಳಿ ಕೆಲಸಕ್ಕೆ ಸೇರಿತು. ಈ ಸೇವೆಗೆ ಇಂಟೆಲ್‌ಸ್ಯಾಟ್ ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್ ತೆರುತ್ತಿತ್ತೆಂದು ವರದಿಯಾಗಿದೆ.

ಹಿಡಿದ ಬಗೆಯನ್ನು ಗಮನಿಸಬೇಕು. ಇಂಟೆಲ್‌ಸ್ಯಾಟ್-901ರಲ್ಲಿ ಹಿಡಿಕೆಯೆಂಬುದೇ ಇರಲಿಲ್ಲ. ಆದರೆ ಭೂಸ್ಥಿರ ಕಕ್ಷೆಗೆ ಏರಲು ಬಳಸಿದ, ಆಮೇಲೆ ಉಪಯೋಗಕ್ಕೆ ಬಾರದೆ ಉಳಿದ ಮುಖ್ಯ ಎಂಜಿನ್‌ನ ಕೊಳವೆಬಾಯಿ ಇತ್ತು. ಎಂಇವಿ ಆ ಬಾಯೊಳಗೆ ಉದ್ದನೆಯ ಸರಳೊಂದನ್ನು ತೂರಿಸಿ, ಗಂಟಲು ದಾಟಿದ ಮೇಲೆ ಅದರ ತುದಿಯನ್ನು ಅರಳಿಸಿ ಹಿಂದಕ್ಕೆ ಎಳೆದುಕೊಂಡಿತು. ರಾಕೆಟ್‌ಗೆ ಜೋಡಿಸಲು ಉಪಗ್ರಹದ ಬುಡದಲ್ಲಿದ್ದ ಉಂಗುರಕ್ಕೆ ಒರಗಿ ಬಿಗಿಯಾಗಿ ನಿಂತಿತು. ಬಹುತೇಕ ಭೂಸ್ಥಿರ ಉಪಗ್ರಹಗಳಲ್ಲಿ ಈ ಎರಡೂ ಇರುತ್ತವೆ. ಇಲ್ಲದ ಹಿಡಿಕೆಯನ್ನು ಹುಡುಕುವ ಬದಲು ಇರುವುದನ್ನೇ ಹಿಡಿಕೆ ಮಾಡಿಕೊಂಡದ್ದು ಜಾಣತನ.

ಎರಡನೇ ನೌಕೆ ಎಂಇವಿ-2 ಇನ್ನಷ್ಟು ಧೈರ್ಯ ತೋರಿ 2021ರ ಏಪ್ರಿಲ್‌ನಲ್ಲಿ ಭೂಸ್ಥಿರ ಕಕ್ಷೆಯಲ್ಲೇ, ಸೇವೆಯಲ್ಲಿದ್ದ ಇಂಟೆಲ್‌ಸ್ಯಾಟ್ 10-02ಕ್ಕೆ ಅಂಟಿಕೊಂಡಿತು. ಎಂಇವಿ-1 ತನ್ನ ಐದು ವರ್ಷದ ಕರಾರು ಮುಗಿಸಿ, 901ನ್ನು ಮತ್ತೆ ಸ್ಮಶಾನ ಕಕ್ಷೆಗೆ ಒಯ್ದು, 2025ರ ಏಪ್ರಿಲ್‌ನಲ್ಲಿ ಬೇರ್ಪಟ್ಟಿತು.

ಸಣ್ಣವರ ಪರದಾಟ

ದೊಡ್ಡ ಕಂಪನಿಯ ಹಿಂದೆ ಹೊರಟ ನವೋದ್ಯಮಗಳ ಹಾದಿ ಇಷ್ಟು ನಯವಾಗಿಲ್ಲ. ನೊಬು ಒಕಾಡ 2013ರಲ್ಲಿ ಸ್ಥಾಪಿಸಿದ, ಈಗ ಟೋಕಿಯೊದಲ್ಲಿ ಮುಖ್ಯ ಕಚೇರಿ ಹೊಂದಿರುವ ಆಸ್ಟ್ರೋಸ್ಕೇಲ್ ಇವುಗಳಲ್ಲಿ ಹೆಚ್ಚು ಹೆಸರಾದದ್ದು. 2021ರಲ್ಲಿ ಅದು ಹಾರಿಸಿದ ಎಲ್ಸಾ-ಡಿ ನೌಕೆ 17 ಕೆ.ಜಿ.ಯ ಪುಟ್ಟ ಜೊತೆಗಾರನನ್ನು ಬಿಟ್ಟು, ಅಯಸ್ಕಾಂತದಿಂದ ಮತ್ತೆ ಹಿಡಿದು ತೋರಿಸಿತು. ಮುಂದಿನ ವರ್ಷ ಜೊತೆಗಾರನನ್ನು ದೂರ ಬಿಟ್ಟು ತಾನಾಗಿ ಹಿಡಿಯುವ ಪ್ರಯೋಗ ನಡೆಯುವಾಗ ಅದರ ಎಂಟು ಥ್ರಸ್ಟರ್‌ಗಳಲ್ಲಿ ನಾಲ್ಕು ಕೈಕೊಟ್ಟವು. ಹಾಗಿದ್ದೂ ಕುಂಟುತ್ತಲೇ 159 ಮೀಟರ್ ಸಮೀಪಕ್ಕೆ ಬಂದಿತು. ಮತ್ತೆ ಹಿಡಿಯಲಾಗಲಿಲ್ಲ.

ಆದರೆ ಅದೇ ಕಂಪನಿಯ ಅಡ್ರಾಸ್-ಜೆ ಮಾಡಿದ್ದು ನಿಜಕ್ಕೂ ಅಪೂರ್ವ ಕೆಲಸ. 2024ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡ್‌ನಿಂದ ಹೊರಟ ಈ ನೌಕೆಯ ಗುರಿ 2009ರಲ್ಲಿ ಹಾರಿದ್ದ ಜಪಾನೀ ರಾಕೆಟ್‌ನ ಮೇಲಿನ ಹಂತ. ಸುಮಾರು 11 ಮೀಟರ್ ಉದ್ದ, 3 ಟನ್ ತೂಕದ ಮೂಕ ಕೊಳವೆ ಅದು. ತಾನೆಲ್ಲಿದ್ದೇನೆಂದು ಹೇಳುವ ಸಂಕೇತವಿಲ್ಲ, ದೀಪವಿಲ್ಲ, ಗುರುತುಪಟ್ಟಿಯಿಲ್ಲ. ಭೂಮಿಯಿಂದ ಅಳೆದ ಸ್ಥಾನವನ್ನು ನಂಬಿ ಹೊರಟು, ಬರಿಗಣ್ಣಿನಂಥ ಕ್ಯಾಮೆರಾಗಳಿಂದ ಅದನ್ನು ಗುರುತಿಸಿ, ಸುಮಾರು 50 ಮೀಟರ್ ದೂರದಿಂದ ಸುತ್ತು ಹಾಕಿ ಚಿತ್ರ ತೆಗೆಯಿತು. ನವೆಂಬರ್ 30ರಂದು 15 ಮೀಟರ್‌ಗೆ ಸಮೀಪಿಸಿದ ಮೇಲೆ ಸ್ಥಿತಿಯಲ್ಲೇನೋ ಏರುಪೇರು ಕಂಡು ತಾನಾಗಿ ಹಿಂದೆ ಸರಿಯಿತು. ಅದನ್ನು ಸೋಲೆನ್ನುವುದು ಸಲ್ಲದು. ಕೆಳಕಕ್ಷೆಯಲ್ಲಿ ಎರಡೂ ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಧಾವಿಸುತ್ತಿರುತ್ತವೆ. ಅವುಗಳ ನಡುವಿನ ವೇಗದ ವ್ಯತ್ಯಾಸವನ್ನು ಸೆಕೆಂಡಿಗೆ ಕೆಲವೇ ಸೆಂಟಿಮೀಟರ್‌ಗೆ ಇಳಿಸಿದಾಗಲೇ ಮುಟ್ಟಲು ಸಾಧ್ಯ. ಅಂಥಲ್ಲಿ ಹಿಂದೆ ಸರಿಯಲು ಬಲ್ಲ ಯಂತ್ರವೇ ನಂಬಿಕೆಗೆ ಅರ್ಹ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಟಾರ್‌ಫಿಶ್ ಸ್ಪೇಸ್ 2019ರಲ್ಲಿ ಹುಟ್ಟಿದ್ದು. ಅದರ ಮೊದಲ ನೌಕೆ ಆಟರ್ ಪಪ್ 2023ರ ಜೂನ್‌ನಲ್ಲಿ ಬೇರೊಂದು ಕಂಪನಿಯ ವಾಹಕದ ಮೇಲೇರಿ ಹೋಯಿತು. ಆ ವಾಹಕವೇ ಬುಗುರಿಯಂತೆ ತಿರುಗತೊಡಗಿದ್ದರಿಂದ ತುರ್ತಾಗಿ ಕೆಳಗಿಳಿಯಬೇಕಾಯಿತು. ಆಟರ್ ಪಪ್ ಕೂಡ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಸುತ್ತಿನಂತೆ ಗಿರಕಿ ಹೊಡೆಯುತ್ತಿತ್ತು. ಎಂಜಿನಿಯರುಗಳು ತಿಂಗಳುಗಟ್ಟಲೆ ಹೆಣಗಿ ಅದನ್ನು ಶಾಂತಗೊಳಿಸಿದರು. ವಿಧಾನ, ನಲವತ್ತು ವರ್ಷ ಹಿಂದೆ ಸೋಲಾರ್ ಮ್ಯಾಕ್ಸ್‌ಗೆ ಪ್ರಯೋಗಿಸಿದ ಅದೇ ವಿದ್ಯುತ್ಕಾಂತ ದಂಡ. ಬಳಿಕ ಅದರ ವಿದ್ಯುತ್ ಎಂಜಿನ್ ಕೆಟ್ಟಿತು. 2024ರ ಏಪ್ರಿಲ್‌ನಲ್ಲಿ ಇಟಲಿಯ ಕಂಪನಿಯೊಂದರ ನೌಕೆಯ ಸಹಕಾರದಿಂದ ಒಂದು ಕಿ.ಮೀ. ಸಮೀಪಕ್ಕೆ ಬಂದು ಅದರ ಚಿತ್ರ ತೆಗೆದದ್ದೇ ಸಮಾಧಾನ. ಅದೇ ವರ್ಷ ಅಮೆರಿಕದ ಬಾಹ್ಯಾಕಾಶ ಪಡೆ ಈ ಕಂಪನಿಗೆ 3.75 ಕೋಟಿ ಡಾಲರ್‌ನ ಗುತ್ತಿಗೆ ನೀಡಿತು. ಎರಡನೇ ಪ್ರಯೋಗನೌಕೆ 2025ರ ಜೂನ್‌ನಲ್ಲಿ ಹಾರಿತು.

ಸ್ವಿಟ್ಜರ್ಲೆಂಡಿನ ಕ್ಲಿಯರ್‌ಸ್ಪೇಸ್‌ಗೆ ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2020ರಲ್ಲಿ 8.6 ಕೋಟಿ ಯೂರೊ ನೀಡಿ, 112 ಕೆ.ಜಿ.ಯ ರಾಕೆಟ್ ಅವಶೇಷವೊಂದನ್ನು ನಾಲ್ಕು ತೋಳುಗಳಿಂದ ತಬ್ಬಿ ಕೆಳಗೆ ತರುವ ಕೆಲಸ ಒಪ್ಪಿಸಿತ್ತು. ವಿಧಿಯ ಅಣಕವೆಂದರೆ 2023ರಲ್ಲಿ ಆ ಅವಶೇಷಕ್ಕೇ ಮತ್ತಾವುದೋ ಚೂರು ಬಡಿಯಿತು. 2024ರಲ್ಲಿ ಯೋಜನೆಯ ಮುಂದಾಳತ್ವ ಜರ್ಮನಿಯ ಒಎಚ್‌ಬಿ ಕಂಪನಿಗೆ ಹೋಯಿತು, ಗುರಿಯೂ ಬದಲಾಯಿತು. ಹೊಸ ಗುರಿ ಪ್ರೋಬಾ-1 ಎಂಬ ಪುಟ್ಟ ಉಪಗ್ರಹ. 2001ರ ಅಕ್ಟೋಬರ್ 22ರಂದು ಅದನ್ನು ಶ್ರೀಹರಿಕೋಟಾದಿಂದ ಕಕ್ಷೆಗೆ ಸೇರಿಸಿದ್ದು ನಮ್ಮದೇ ಪಿಎಸ್‌ಎಲ್‌ವಿ.

ಮುಚ್ಚಳ ತೆರೆಯುವ ಕಷ್ಟ

ಇಂಧನ ತುಂಬುವುದಕ್ಕೆ ಹೋಲಿಸಿದರೆ ಹಿಡಿಯುವುದು ಸಲೀಸು. ಉಪಗ್ರಹಕ್ಕೆ ಉಡಾವಣೆಗೆ ಮುನ್ನ ಇಂಧನ ತುಂಬುತ್ತಾರೆ. ಆಮೇಲೆ ಆ ಕವಾಟವನ್ನು ಇನ್ನೆಂದೂ ತೆರೆಯಬೇಕಿಲ್ಲವೆಂಬ ಭಾವನೆಯಿಂದ ಮುಚ್ಚಳ ತಿರುಗಿಸಿ, ತಂತಿಯಿಂದ ಬಿಗಿದು, ಮೇಲೆ ಉಷ್ಣರಕ್ಷಕ ಹೊದಿಕೆ ಸುತ್ತುತ್ತಾರೆ. ರೋಬಾಟ್ ಮೊದಲು ಹೊದಿಕೆಯನ್ನು ಕತ್ತರಿಸಬೇಕು, ತಂತಿ ತುಂಡರಿಸಬೇಕು, ಮುಚ್ಚಳ ಬಿಚ್ಚಬೇಕು, ಆಮೇಲೆ ಕೊಳವೆ ಕೂಡಿಸಬೇಕು. ತುಂಬಬೇಕಾದ ಹೈಡ್ರಜೀನ್ ವಿಷಕಾರಿ ದ್ರವ. ಬಿಚ್ಚಿದ ಮುಚ್ಚಳ ಕೈತಪ್ಪಿದರೆ ಅದೇ ಇನ್ನೊಂದು ಕಸ.

ನಾಸಾ ಈ ಹಂತಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಅಭ್ಯಾಸ ಮಾಡಿ ನೋಡಿತ್ತು. ಅನಂತರ 1999ರಲ್ಲಿ ಹಾರಿದ್ದ ಲ್ಯಾಂಡ್‌ಸ್ಯಾಟ್-7ಕ್ಕೆ ಇಂಧನ ತುಂಬಲು ಓಸಾಮ್-1 ಎಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ವೆಚ್ಚ 200 ಕೋಟಿ ಡಾಲರ್ ಮೀರುವ ಸೂಚನೆ ಕಂಡಿತು, ದಿನಾಂಕ ಮುಂದೆ ಮುಂದೆ ಸರಿಯಿತು. 2024ರ ಮಾರ್ಚ್ 1ರಂದು ಯೋಜನೆಯನ್ನು ರದ್ದುಪಡಿಸುವುದಾಗಿ ಪ್ರಕಟಿಸಿದ ನಾಸಾ, ತಾಂತ್ರಿಕ ಮತ್ತು ವೆಚ್ಚದ ತೊಡಕುಗಳ ಜತೆಗೆ ಇನ್ನೊಂದು ಕಾರಣವನ್ನೂ ಕೊಟ್ಟಿತು: ಸೇವೆಗೆಂದು ಸಿದ್ಧಪಡಿಸದ ಉಪಗ್ರಹಕ್ಕೆ ಇಂಧನ ತುಂಬುವ ಆಲೋಚನೆಯಿಂದಲೇ ಉದ್ಯಮ ದೂರ ಸರಿದಿದೆ. ಲ್ಯಾಂಡ್‌ಸ್ಯಾಟ್-7 ಕಾಯುವವರಿಲ್ಲದೆ 2025ರಲ್ಲಿ ನಿವೃತ್ತಿಯಾಯಿತು.

ಹಾಗಾದರೆ ಮೊದಲೇ ಸಿದ್ಧಪಡಿಸಿದರಾಯಿತಲ್ಲ? 2018ರಲ್ಲಿ ಆರಂಭವಾದ ಆರ್ಬಿಟ್ ಫ್ಯಾಬ್ ಹೇಳುವುದೂ ಇದನ್ನೇ. ಉಪಗ್ರಹ ಕಟ್ಟುವಾಗಲೇ ಅಳವಡಿಸಬಹುದಾದ ಇಂಧನದ ಬಾಯಿಯೊಂದನ್ನು ಅದು ತಯಾರಿಸಿ, 30 ಸಾವಿರ ಡಾಲರ್ ಬೆಲೆ ಇಟ್ಟಿತು. ಭೂಸ್ಥಿರ ಕಕ್ಷೆಯಲ್ಲಿ 100 ಕೆ.ಜಿ.ವರೆಗಿನ ಹೈಡ್ರಜೀನ್‌ಗೆ 2 ಕೋಟಿ ಡಾಲರ್ ಎಂದು 2022ರಲ್ಲೇ ದರಪಟ್ಟಿ ಹಾಕಿತು. ಬಂಕ್ ತೆರೆಯುವ ಮುನ್ನವೇ ಬೆಲೆ ಬರೆದ ಬೋರ್ಡು! ಆದರೆ ಬಾಯಿಯಿರುವ ಉಪಗ್ರಹಗಳು ಸಾಕಷ್ಟು ಇಲ್ಲದೆ ಇಂಧನನೌಕೆ ಯಾರೂ ಹಾರಿಸರು, ಇಂಧನನೌಕೆ ಇಲ್ಲದೆ ಬಾಯಿಗೆ ಯಾರೂ ದುಡ್ಡು ಕೊಡರು. ನಾರ್ಥ್‌ರಾಪ್ ಗ್ರಮನ್ ತನ್ನದೇ ಬೇರೆ ವಿನ್ಯಾಸದ ಬಾಯಿ ತಂದಿದೆ. ಊರಿಗೊಂದು ಬಗೆಯ ಗ್ಯಾಸ್ ರೆಗ್ಯುಲೇಟರ್ ಇದ್ದರೆ ಸಿಲಿಂಡರ್ ಮಾರುವವನ ಪಾಡೇನಾಗುವುದೋ ಅದೇ ಇಲ್ಲಿಯೂ ಆಗುವ ಭಯವಿದೆ.

ಇಷ್ಟರ ನಡುವೆ ಕೆಳಕಕ್ಷೆಯಲ್ಲಿ ಸಾವಿರಾರು ಅಗ್ಗದ ಉಪಗ್ರಹಗಳು ತುಂಬಿಕೊಂಡಿವೆ. ಸುಮಾರು ಐದು ವರ್ಷಕ್ಕೆ ಬಿಸಾಡಲೆಂದೇ ಕಟ್ಟಿದ ಸ್ಟಾರ್‌ಲಿಂಕ್‌ನಂಥವನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ. ದೊಡ್ಡ ಭೂಸ್ಥಿರ ಉಪಗ್ರಹಗಳ ಬೇಡಿಕೆ ದಶಕದ ಹಿಂದಿನಷ್ಟಿಲ್ಲ. ಆದ್ದರಿಂದಲೇ ಈ ನವೋದ್ಯಮಗಳ ಜಮಾಖರ್ಚಿನಲ್ಲಿ ಖಾಸಗಿ ಗಿರಾಕಿಗಿಂತ ಸರ್ಕಾರದ ಹಣವೇ ಎದ್ದು ಕಾಣುತ್ತದೆ.

ಬೀಳುವ ಮುನ್ನ ತಲುಪಬೇಕು

ಸರ್ಕಾರಿ ಗಿರಾಕಿಯ ಇತ್ತೀಚಿನ ಉದಾಹರಣೆ ಗಡಿಯಾರದೊಂದಿಗಿನ ಪಂದ್ಯದಂತಿದೆ. 2004ರ ನವೆಂಬರ್‌ನಲ್ಲಿ ಹಾರಿದ ನಾಸಾದ ಸ್ವಿಫ್ಟ್ ವೀಕ್ಷಣಾಲಯ ಗಾಮಾ ಕಿರಣಗಳ ಸ್ಫೋಟವನ್ನು ಕ್ಷಣಾರ್ಧದಲ್ಲಿ ಪತ್ತೆ ಹಚ್ಚುವುದರಲ್ಲಿ ಹೆಸರುವಾಸಿ. ಸೂರ್ಯನ ಚಟುವಟಿಕೆ ಹೆಚ್ಚಿ ಮೇಲಿನ ವಾತಾವರಣ ಉಬ್ಬಿದ್ದರಿಂದ ಅದು ನಿರೀಕ್ಷೆಗಿಂತ ಬೇಗ ಕೆಳಗಿಳಿಯತೊಡಗಿತು. ಮೇಲೇರಲು ಸ್ವಂತ ಎಂಜಿನ್ ಅದಕ್ಕಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಅರಿಝೋನಾದ ಕಟಲಿಸ್ಟ್ ಸ್ಪೇಸ್ ಎಂಬ ನವೋದ್ಯಮಕ್ಕೆ 3 ಕೋಟಿ ಡಾಲರ್ ನೀಡಿ, ರೋಬಾಟ್ ನೌಕೆಯಿಂದ ಸ್ವಿಫ್ಟನ್ನು ಹಿಡಿದು ಮೇಲಕ್ಕೆ ಏರಿಸುವಂತೆ ಹೇಳಿತು. ಒಪ್ಪಂದದಲ್ಲಿ ನಿಗದಿಯಾದ ಉಡಾವಣೆಯ ಗುರಿ 2026ರ ಜೂನ್, ಅಂದರೆ ಒಂಬತ್ತು ತಿಂಗಳು. ಹಿಡಿಯಲೆಂದು ಸ್ವಿಫ್ಟ್‌ನಲ್ಲೂ ಏನನ್ನೂ ಇಟ್ಟಿಲ್ಲ. ಓಸಾಮ್-1ರ ವೆಚ್ಚದ ಪಕ್ಕದಲ್ಲಿ ಈ ಮೂರು ಕೋಟಿಯನ್ನು ಇಟ್ಟು ನೋಡಿದರೆ ಸರ್ಕಾರಗಳು ಸಣ್ಣ ಕಂಪನಿಗಳ ಬಾಗಿಲು ತಟ್ಟುವುದೇಕೆಂಬುದು ತಿಳಿಯುತ್ತದೆ. ಇಲ್ಲಿ ಕೇಳಿರುವುದು ಇಂಧನವನ್ನಲ್ಲ, ಒಂದು ನೂಕನ್ನು ಎಂಬ ವ್ಯತ್ಯಾಸವನ್ನೂ ಮರೆಯಬಾರದು.

ರಿಪೇರಿಯೋ, ಕಳ್ಳತನವೋ?

ಉಪಗ್ರಹವನ್ನು ಹಿಡಿಯಬಲ್ಲ ತೋಳು ವೈರಿಯ ಉಪಗ್ರಹವನ್ನೂ ಹಿಡಿಯಬಲ್ಲದು. ಚೀನಾದ ಷಿಜಿಯಾನ್-21 ನೌಕೆ 2022ರ ಜನವರಿಯಲ್ಲಿ ಕೆಟ್ಟು ನಿಂತಿದ್ದ ಬೈದೌ ಉಪಗ್ರಹವನ್ನು ಎಳೆದೊಯ್ದು ಸ್ಮಶಾನ ಕಕ್ಷೆಗೆ ಬಿಟ್ಟಿತು. ತಾಂತ್ರಿಕವಾಗಿ ಶ್ಲಾಘನೀಯ ಕೆಲಸ. ಅಮೆರಿಕದ ಸೇನಾ ವಲಯ ಅದನ್ನು ನೋಡಿದ ಕಣ್ಣೇ ಬೇರೆ. ಇತ್ತ ಅಮೆರಿಕದ ನವೋದ್ಯಮಗಳ ದೊಡ್ಡ ಗಿರಾಕಿಯೂ ಅಲ್ಲಿನ ಬಾಹ್ಯಾಕಾಶ ಪಡೆಯೇ ಆಗಿರುವುದರಿಂದ ಸಂಶಯ ಎರಡೂ ಕಡೆಯದು.

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಕಕ್ಷೆಗೆ ಹೋದ ವಸ್ತುವಿನ ಒಡೆತನ ಬದಲಾಗುವುದಿಲ್ಲ. ಅದು ಸತ್ತರೂ, ಚೂರಾದರೂ ಒಡೆಯರದೇ. ಸಮುದ್ರದಲ್ಲಿ ಬಿಟ್ಟುಹೋದ ಹಡಗನ್ನು ಎಳೆತಂದವನಿಗೆ ಸಿಗುವ ಹಕ್ಕು ಇಲ್ಲಿ ಸಿಗದು. 1972ರ ಹೊಣೆಗಾರಿಕೆ ಒಪ್ಪಂದ ಹಾನಿಯ ಭಾರವನ್ನು ಉಡಾವಣಾ ದೇಶದ ಮೇಲೆ ಹೊರಿಸುತ್ತದೆ. ಅಡ್ರಾಸ್-ಜೆ ಜಪಾನೀ ರಾಕೆಟ್‌ನ ಬಳಿಗೇ ಹೋದದ್ದು ಆಕಸ್ಮಿಕವೇನಲ್ಲ.

ಭಾರತದ ಹೆಜ್ಜೆ

ಭಾರತ ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಇಸ್ರೋದ ಸ್ಪೇಡೆಕ್ಸ್ ಪ್ರಯೋಗದಿಂದ. 2024ರ ಡಿಸೆಂಬರ್ 30ರಂದು ಹಾರಿದ ತಲಾ 220 ಕೆ.ಜಿ.ಯ ಎರಡು ಉಪಗ್ರಹಗಳು 2025ರ ಜನವರಿ 16ರಂದು ಕೂಡಿಕೊಂಡವು. ರಷ್ಯಾ, ಅಮೆರಿಕ, ಚೀನಾಗಳ ಬಳಿಕ ಈ ಸಾಧನೆ ಮಾಡಿದ ನಾಲ್ಕನೇ ದೇಶ ನಮ್ಮದು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ ರೂಪಿಸಿದ ಈ ಜೋಡಿ ಮಾರ್ಚ್‌ನಲ್ಲಿ ಬೇರ್ಪಟ್ಟು ಏಪ್ರಿಲ್‌ನಲ್ಲಿ ಮತ್ತೆ ಕೂಡಿತು, ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತನ್ನೂ ಹಾಯಿಸಿತು. ಆದರೆ ಎರಡೂ ಒಂದಕ್ಕೊಂದು ಹೊಂದುವಂತೆ ಕಟ್ಟಿದವು, ಪರಸ್ಪರ ಮಾತನಾಡಬಲ್ಲವು ಎಂಬುದನ್ನು ನೆನಪಿಡಬೇಕು. ಅಪರಿಚಿತನ ಕೈ ಹಿಡಿಯುವ ಪರೀಕ್ಷೆ ಇನ್ನೂ ಬಾಕಿಯಿದೆ.

ಅದರ ಅಗತ್ಯವಂತೂ ಆ ದಿನಗಳಲ್ಲೇ ಕಣ್ಣಿಗೆ ರಾಚಿತು. ಜೋಡಣೆಯ ಸಂಭ್ರಮ ಮುಗಿಯುವ ಮುನ್ನ, ಜನವರಿ 29ರಂದು ಶ್ರೀಹರಿಕೋಟಾದ ನೂರನೇ ಉಡಾವಣೆಯಲ್ಲಿ ಎನ್‌ವಿಎಸ್-02 ಪಥದರ್ಶಿ ಉಪಗ್ರಹ ಮೇಲೇರಿತು. ಎಂಜಿನ್‌ಗೆ ಆಕ್ಸಿಡೈಸರ್ ಹರಿಸಬೇಕಾದ ಕವಾಟ ತೆರೆಯಲಿಲ್ಲ. ಉಪಗ್ರಹದ ವ್ಯವಸ್ಥೆಗಳು ಸುಸ್ಥಿತಿಯಲ್ಲಿದ್ದವು, ಸೌರಫಲಕಗಳು ಬಿಚ್ಚಿಕೊಂಡಿದ್ದವು. ಆದರೂ ತನ್ನ ಕಕ್ಷೆಗೆ ಏರಲಾಗದೆ ದೀರ್ಘವೃತ್ತದಲ್ಲೇ ಉಳಿಯಿತು. ಭೂಮಿಯ ತೀರ ಹತ್ತಿರ ಬಂದು ಹೋಗುವ ಅಂಥ ಪಥದಿಂದ ಅದನ್ನು ಎಳೆದೊಯ್ಯುವುದು ಇಂದಿನ ಯಾವ ನೌಕೆಗೂ ಸುಲಭವಲ್ಲವೆನ್ನುವುದೂ ನಿಜ.

ಖಾಸಗಿ ವಲಯದಲ್ಲಿ ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ಉಪಗ್ರಹದ ಎಂಜಿನ್‌ಗಳನ್ನೂ ಡಿಗಂತರ ಕಂಪನಿ ಕಕ್ಷೆಯ ಕಸವನ್ನು ಗುರುತಿಸುವ ಉಪಕರಣಗಳನ್ನೂ ರೂಪಿಸುತ್ತಿವೆ. 2025ರಲ್ಲಿ ಆಸ್ಟ್ರೋಸ್ಕೇಲ್ ಎರಡರೊಂದಿಗೂ ಒಡಂಬಡಿಕೆ ಮಾಡಿಕೊಂಡಿತು. ಆರ್ಬಿಟ್‌ಎಯ್ಡ್ ಎಂಬ ಮತ್ತೊಂದು ಭಾರತೀಯ ನವೋದ್ಯಮ ನೇರವಾಗಿ ಇಂಧನ ತುಂಬುವ ಕೆಲಸಕ್ಕೇ ಕೈಹಾಕಿದೆ. ಜೋಡಣೆಗೂ ಇಂಧನಕ್ಕೂ ಒಂದೇ ಬಾಯಿ ಸಾಕಾಗುವ ಸಾಧನವನ್ನು ಅದು ಸಿದ್ಧಪಡಿಸಿತು. ಇಂಧನ ಹರಿಸುವ ವಿಧಾನವನ್ನು ಕಕ್ಷೆಯಲ್ಲಿ ಪರೀಕ್ಷಿಸಲು ಆಯುಲ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಕಟ್ಟಿತು. 2026ರ ಜನವರಿ 12ರಂದು ಅದು ಪಿಎಸ್‌ಎಲ್‌ವಿ-ಸಿ62ರಲ್ಲಿ ಹೊರಟಿತು. ರಾಕೆಟ್‌ನ ಮೂರನೇ ಹಂತದಲ್ಲಿ ದೋಷ ಕಾಣಿಸಿಕೊಂಡಿತು. ಜತೆಗಿದ್ದ ಉಪಗ್ರಹಗಳೊಂದಿಗೆ ಆಯುಲ್‌ಸ್ಯಾಟ್ ಕೂಡ ಕಕ್ಷೆ ಸೇರಲಿಲ್ಲ.